ಹದಿನೈದು ಗೋಲಿನ ವರ್ಷ, ಐದು ಗೋಲಿನ ವರ್ಷ



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಊರುಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ನಿಮ್ಮ ಮಗನಿಗೆ ಎಷ್ಟು ಬಂತು? ಮಗಳಿಗೆ ಎಷ್ಟು ಬಂತು?" ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಭಾನುವಾರದ ಪೂಜೆ ಮುಗಿಸಿ ಚರ್ಚಿನ ಅಂಗಳಕ್ಕೆ ಬಂದಾಗ ಎಲ್ಲೆಲ್ಲೂ ಇದೇ ಮಾತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಜನರಿಗಂತೂ ಈ ಲೆಕ್ಕದ ಬಿಸಿ ಸ್ವಲ್ಪ ಹೆಚ್ಚೇ. ಏಕೆಂದರೆ ಈ ನಾಲ್ಕೂ ಸೇರಿ 'ಮಧುಗಿರಿ ಶೈಕ್ಷಣಿಕ ಜಿಲ್ಲೆ' ಆಗಿದೆ. ಕಂದಾಯದ ಲೆಕ್ಕಕ್ಕೆ ತುಮಕೂರು ಜಿಲ್ಲೆಯವರಾದರೂ ಪರೀಕ್ಷೆಯ ಲೆಕ್ಕಕ್ಕೆ ನೀವು ಬೇರೆ. ಜಿಲ್ಲಾವಾರು ಪಟ್ಟಿ ಪ್ರಕಟವಾದಾಗ ಮಧುಗಿರಿ ಎಷ್ಟನೆಯ ಸ್ಥಾನದಲ್ಲಿದೆ ಎಂದು ಎಲ್ಲರ ಕಣ್ಣೂ ಹುಡುಕುತ್ತದೆ. ಆ ಪಟ್ಟಿಯ ಭಾರ ಮೊದಲು ಶಾಲೆಯ ಮೇಲೆ, ಆಮೇಲೆ ಮನೆಯ ಮೇಲೆ, ಕೊನೆಗೆ ಹದಿನೈದು ಹದಿನಾರು ವರ್ಷದ ಮಗುವಿನ ಮೇಲೆ ಬೀಳುತ್ತದೆ.

ಅಂಕವನ್ನು ಹೇಗೆ ನೋಡಬೇಕು, ಮಗುವನ್ನು ಹೇಗೆ ನೋಡಬೇಕು ಎಂಬುದನ್ನು ಕಲಿಯಲು ಈ ವಾರ ನಾವು ಶಾಲೆಯಿಂದ ಸ್ವಲ್ಪ ಆಚೆ ಹೋಗೋಣ. ಬೆಂಗಳೂರಿನ ತಂಡಕ್ಕಾಗಿ ಎರಡು ವರ್ಷ ಆಡಿದ, ದಕ್ಷಿಣ ಅಮೆರಿಕದ ಒಬ್ಬ ಫುಟ್‌ಬಾಲ್ ಆಟಗಾರನ ವೃತ್ತಿಜೀವನವನ್ನು ಪಾಠವಾಗಿ ಇಟ್ಟುಕೊಳ್ಳೋಣ. ನಮ್ಮ ಶಾಲಾ ಮೈದಾನಗಳಲ್ಲಿ ಕಬಡ್ಡಿ, ಖೋಖೋ, ಕ್ರಿಕೆಟ್ಟಿನಷ್ಟು ಫುಟ್‌ಬಾಲ್ ಕಾಣುವುದಿಲ್ಲ, ನಿಜ. ಆದರೂ ಈ ಪಾಠ ಅರ್ಥವಾಗಲು ಆ ಆಟದ ಪರಿಚಯ ಹೆಚ್ಚೇನೂ ಬೇಕಿಲ್ಲ.

ಯಾರು ಈ ಆಟಗಾರ?

ನಿಕೊಲಾಸ್ ಫೆಡೊರ್ ಹುಟ್ಟಿದ್ದು 1985ರ ಆಗಸ್ಟ್ 19ರಂದು, ವೆನೆಜುವೆಲಾ ದೇಶದ ರಾಜಧಾನಿ ಕರಾಕಸ್‌ನಲ್ಲಿ. ಫುಟ್‌ಬಾಲ್ ಲೋಕಕ್ಕೆ ಅವರು 'ಮಿಕು' ಎಂದೇ ಪರಿಚಿತರು. ದಕ್ಷಿಣ ಅಮೆರಿಕ ಎಂದೊಡನೆ ನಮಗೆ ಪೆಲೆಯವರ ಬ್ರೆಜಿಲ್, ಮರಡೋನಾ ಅವರ ಅರ್ಜೆಂಟೀನಾ ನೆನಪಾಗುತ್ತವೆ. ವೆನೆಜುವೆಲಾ ಹಾಗಲ್ಲ. ಅಲ್ಲಿನ ಜನಕ್ಕೆ ಬೇಸ್‌ಬಾಲ್ ಎಂದರೆ ಪ್ರಾಣ, ನಮ್ಮವರಿಗೆ ಕ್ರಿಕೆಟ್ ಇದ್ದ ಹಾಗೆ. ಆ ಖಂಡದ ಫುಟ್‌ಬಾಲ್ ಒಕ್ಕೂಟದಲ್ಲಿರುವ 10 ದೇಶಗಳ ಪೈಕಿ ಒಮ್ಮೆಯೂ ವಿಶ್ವಕಪ್ ಆಡದ ದೇಶ ಅದೊಂದೇ. 2026ರ ವಿಶ್ವಕಪ್ಪಿಗೂ ಅದು ಅರ್ಹತೆ ಪಡೆಯಲಿಲ್ಲ.

ಇಂಥ ದೇಶದ ಹುಡುಗ ಫುಟ್‌ಬಾಲನ್ನೇ ಜೀವನಕ್ಕೆ ನಂಬಿ ಸ್ಪೇನಿಗೆ ಹೋಗಿ ವಲೆನ್ಸಿಯಾ ಕ್ಲಬ್ ಸೇರಿದರು. ಮುಖ್ಯ ತಂಡದಲ್ಲಿ ಜಾಗ ಸುಲಭವಾಗಿ ಸಿಗಲಿಲ್ಲ. ವೃತ್ತಿಪರ ಫುಟ್‌ಬಾಲಿನಲ್ಲಿ ಒಂದು ಪದ್ಧತಿ ಇದೆ. ದೊಡ್ಡ ಕ್ಲಬ್ ತನ್ನ ಎಳೆಯ ಆಟಗಾರನನ್ನು ಒಂದು ವರ್ಷದ ಮಟ್ಟಿಗೆ ಚಿಕ್ಕ ಕ್ಲಬ್ಬಿಗೆ ಎರವಲು ಕೊಡುತ್ತದೆ. ಆಟಗಾರ ಅಲ್ಲಿ ಆಡಿ ಪಳಗಲಿ ಎಂಬುದು ಇದರ ಉದ್ದೇಶ. ವರ್ಷ ಮುಗಿದ ಮೇಲೆ ವಾಪಸ್ ಕರೆಸಿಕೊಳ್ಳಬಹುದು, ಇನ್ನೊಂದು ಕಡೆಗೆ ಕಳಿಸಲೂಬಹುದು. ಮಿಕು ಹೀಗೆ ಸಲಮಾಂಕಾ ಮುಂತಾದ ತಂಡಗಳಿಗೆ ಎರವಲು ಹೋಗಿ ಬಂದರು. 2010ರಲ್ಲಿ ಗೆಟಾಫೆ ಎಂಬ ಕ್ಲಬ್ ಸೇರಿದರು. 2012ರಲ್ಲಿ ಅಲ್ಲಿಂದಲೂ ಒಂದು ವರ್ಷ ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ಬಿಗೆ ಎರವಲು ಹೋದರು. ಆ ವರ್ಷದ ನವೆಂಬರ್ 7ರಂದು ಸೆಲ್ಟಿಕ್ ತಂಡ ಬಾರ್ಸಿಲೋನಾವನ್ನು 2-1ರಿಂದ ಸೋಲಿಸಿದಾಗ ಮುಂಚೂಣಿಯಲ್ಲಿ ಆಡುತ್ತಿದ್ದವರು ಇವರೇ. ಆಮೇಲೆ ಕತಾರ್, ಮತ್ತೆ ಸ್ಪೇನಿನ ರಾಯೊ ವಾಯೆಕಾನೊ. 2016ರಲ್ಲಿ ರಾಯೊ ತಂಡ ಎರಡನೆಯ ದರ್ಜೆಗೆ ಇಳಿಯಿತು. 2017ರಲ್ಲಿ, 32ನೆಯ ವಯಸ್ಸಿಗೆ ಮಿಕು ಬೆಂಗಳೂರಿಗೆ ಬಂದರು.

ಸ್ವದೇಶದ ಪರವಾಗಿಯೂ ಅವರು ಆಡಿದರು. 2011ರಲ್ಲಿ ಅರ್ಜೆಂಟೀನಾದಲ್ಲಿ ನಡೆದ ಕೋಪಾ ಅಮೆರಿಕ ಪಂದ್ಯಾವಳಿಯಲ್ಲಿ ವೆನೆಜುವೆಲಾ ತಂಡ ಪರಾಗ್ವೆ ಎದುರು 1-3ರಿಂದ ಹಿಂದೆ ಬಿದ್ದಿತ್ತು. ಪಂದ್ಯ ಮುಗಿಯುತ್ತಾ ಬಂದಾಗ ಮಿಕು ಒಂದು ಗೋಲು ಹೊಡೆದರು, ಮತ್ತೊಬ್ಬ ಆಟಗಾರ ಇನ್ನೊಂದು ಸೇರಿಸಿ ಪಂದ್ಯ 3-3ರಲ್ಲಿ ಸಮವಾಯಿತು. ಆ ಸಲ ವೆನೆಜುವೆಲಾ ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ಸೆಮಿಫೈನಲ್ ತಲುಪಿ ನಾಲ್ಕನೆಯ ಸ್ಥಾನ ಪಡೆಯಿತು.

ಫಾರ್ವರ್ಡ್ ಆಟಗಾರನ ಕೆಲಸವೇನು?

ತಂಡದಲ್ಲಿ ಆಡುವವರು 11 ಜನ. ಒಬ್ಬರು ಗೋಲ್‌ಕೀಪರ್. ಹಿಂದೆ ನಿಂತು ತಡೆಯುವವರು ಡಿಫೆಂಡರುಗಳು. ನಡುವೆ ಚೆಂಡನ್ನು ಸಾಗಿಸುವವರು ಕೆಲವರು. ಎಲ್ಲರಿಗಿಂತ ಮುಂದೆ, ಎದುರಾಳಿಯ ಗೋಲಿನ ಹತ್ತಿರ ಆಡುವವರು ಫಾರ್ವರ್ಡ್. ಮಿಕು ಅವರ ಕೆಲಸ ಇದು. ಗೋಲು ಹೊಡೆಯುವ ಹೊಣೆ ಮುಖ್ಯವಾಗಿ ಅವರದು. ಹೊಡೆದರೆ ಜನ ಹೊತ್ತು ಮೆರೆಸುತ್ತಾರೆ, ತಪ್ಪಿದರೆ ಅವರನ್ನೇ ಬಯ್ಯುತ್ತಾರೆ.

ಆದರೆ 90 ನಿಮಿಷದ ಆಟದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಅವನು ಮಾಡುವುದೇನು? ಓಡುತ್ತಾನೆ. ಇಬ್ಬರು ಡಿಫೆಂಡರುಗಳನ್ನು ತನ್ನ ಬೆನ್ನಿಗೆ ಎಳೆದುಕೊಂಡು ಹೋಗಿ ಜೊತೆಗಾರನಿಗೆ ಜಾಗ ಬಿಡಿಸಿಕೊಡುತ್ತಾನೆ. ಎದುರಾಳಿಯ ಬಳಿ ಚೆಂಡಿದ್ದರೆ ಮೈಮೇಲೆ ಬಿದ್ದು ಆತುರಪಡಿಸುತ್ತಾನೆ. ಎತ್ತರದಲ್ಲಿ ಬಂದ ಚೆಂಡನ್ನು ಎದೆಯಲ್ಲಿ ತಡೆದು ಹಿಂದೆ ಬರುವವನಿಗೆ ಒಪ್ಪಿಸುತ್ತಾನೆ. ಇದಾವುದೂ ಗೋಲಿನ ಪಟ್ಟಿಯಲ್ಲಿ ಕಾಣುವುದಿಲ್ಲ. ಪಾವಗಡ, ಶಿರಾ ಸೀಮೆಯ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಕಡ್ಲೆಕಾಯಿ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಕಾಣುವುದು ಬರೀ ಎಲೆ. ಕಾಯಿ ಇರುವುದು ಮಣ್ಣಿನೊಳಗೆ.

ಹದಿನೈದು ಗೋಲಿನ ವರ್ಷ

ಇಂಡಿಯನ್ ಸೂಪರ್ ಲೀಗ್ ಆರಂಭವಾದದ್ದು 2014ರಲ್ಲಿ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಆ ಲೀಗಿಗೆ ಕಾಲಿಟ್ಟದ್ದು 2017-18ರ ಸಾಲಿನಲ್ಲಿ. ಮಿಕು ಅವರಿಗೂ ಅದೇ ಮೊದಲ ವರ್ಷ. ಸುನಿಲ್ ಛೆಟ್ರಿ ತಂಡದ ನಾಯಕರು. ಬದಿಯಿಂದ ಮಿಂಚಿನಂತೆ ಓಡಿ ಚೆಂಡು ಒದಗಿಸಲು ಉದಾಂತ ಸಿಂಗ್ ಇದ್ದರು. ಲೀಗಿನ 18 ಪಂದ್ಯಗಳಿಂದ ಬೆಂಗಳೂರು 40 ಅಂಕ ಗಳಿಸಿ ಮೊದಲ ಸ್ಥಾನಕ್ಕೇರಿತು. ಎರಡನೆಯ ಸ್ಥಾನದ ಚೆನ್ನೈಯಿನ್ ತಂಡಕ್ಕೆ ಇದ್ದದ್ದು 32 ಅಂಕ. ಆ ಸಾಲಿನಲ್ಲಿ ಮಿಕು ಹೊಡೆದ ಗೋಲುಗಳು 15, ಛೆಟ್ರಿಯವರದು 14.

2018ರ ಮಾರ್ಚ್ 17ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಚೆನ್ನೈಯಿನ್ ವಿರುದ್ಧವೇ ಫೈನಲ್ ನಡೆಯಿತು. ತವರಿನ ಅಂಗಳ, ತುಂಬಿದ ಪ್ರೇಕ್ಷಕರು, 9ನೆಯ ನಿಮಿಷಕ್ಕೇ ಛೆಟ್ರಿಯವರ ಗೋಲು. ಕಪ್ ಕೈಗೆ ಬಂದಂತೆಯೇ ಎಂದು ಎಷ್ಟೋ ಜನ ಅಂದುಕೊಂಡಿರಬೇಕು. ಆದರೆ ಚೆನ್ನೈಯಿನ್ ತಂಡದ ಬ್ರೆಜಿಲ್ ಮೂಲದ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಸಲ ಕಾರ್ನರ್ ಕಿಕ್ಕಿಗೆ ತಲೆಕೊಟ್ಟು ಎರಡು ಗೋಲು ಗಳಿಸಿದರು. ರಫೆಲ್ ಅಗುಸ್ಟೊ ಮೂರನೆಯದನ್ನು ಸೇರಿಸಿದರು. ಕೊನೆಯ ಘಳಿಗೆಯಲ್ಲಿ ಮಿಕು ಒಂದು ಗೋಲು ಹೊಡೆದರೂ ಹೊತ್ತು ಮೀರಿತ್ತು. ಬೆಂಗಳೂರು 2-3ರಿಂದ ಸೋತಿತು. ಲೀಗಿನಲ್ಲಿ 8 ಅಂಕ ಹಿಂದಿದ್ದವರು ಕಪ್ ಎತ್ತಿಕೊಂಡು ಹೋದರು.

ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಪ್ರಶಸ್ತಿಯಾದರೂ ಮಿಕು ಅವರಿಗೆ ಬಂತೇ? ಅದೂ ಇಲ್ಲ. ಗೋವಾ ತಂಡದ ಸ್ಪೇನಿನ ಆಟಗಾರ ಕೋರೊ 18 ಗೋಲು ಹೊಡೆದು ಅದನ್ನು ಪಡೆದರು. ಆ ಕೋರೊ ಅವರ ಗೋವಾ ತಂಡವೂ ಸೆಮಿಫೈನಲ್ಲಿನಲ್ಲೇ ಚೆನ್ನೈಯಿನ್ ಎದುರು ಸೋತು ಮನೆಗೆ ಹೋಗಿತ್ತು.

ಸೋಲಿನ ನಂತರ ಮಿಕು ಮತ್ತು ಸಂಗಡಿಗರು ಕೈಚೆಲ್ಲಿ ಕೂರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 17ರಂದು ಭುವನೇಶ್ವರದಲ್ಲಿ ಸೂಪರ್ ಕಪ್ ಸೆಮಿಫೈನಲ್. ಮೋಹನ್ ಬಾಗಾನ್ ಎದುರು ಬೆಂಗಳೂರು ಒಂದು ಗೋಲಿನಿಂದ ಹಿಂದೆ ಬಿದ್ದಿತ್ತು. ಅದರ ಮೇಲೆ ಒಬ್ಬ ಆಟಗಾರನನ್ನು ರೆಫರಿ ಹೊರಹಾಕಿದ್ದರಿಂದ ಹತ್ತೇ ಜನ ಉಳಿದರು. ಆ ಹೊತ್ತಿನಲ್ಲಿ ಮಿಕು ಒಬ್ಬರೇ ಮೂರು ಗೋಲು ಹೊಡೆದರು. ಬೆಂಗಳೂರು 4-2ರಿಂದ ಗೆದ್ದು, ಮೂರು ದಿನಗಳ ನಂತರ ಈಸ್ಟ್ ಬೆಂಗಾಲ್ ತಂಡವನ್ನೂ 4-1ರಿಂದ ಮಣಿಸಿ ಆ ಕಪ್ಪನ್ನು ತಂದಿತು.

ಐದು ಗೋಲಿನ ವರ್ಷ

ಮುಂದಿನ ಸಾಲಿನ ಮೊದಲ ಪಂದ್ಯ 2018ರ ಸೆಪ್ಟೆಂಬರ್ 30ರಂದು, ಅದೇ ಕಂಠೀರವದಲ್ಲಿ, ಅದೇ ಚೆನ್ನೈಯಿನ್ ವಿರುದ್ಧ. ಪಂದ್ಯದ ಏಕೈಕ ಗೋಲು ಮಿಕು ಅವರದು. ಇನ್ನೇನು, ಈ ಸಲ ಹದಿನೈದಲ್ಲ, ಇಪ್ಪತ್ತು ಎಂದು ಅಭಿಮಾನಿಗಳು ಎಣಿಸುವಷ್ಟರಲ್ಲಿ ಗಾಯವಾಯಿತು. ಮಿಕು ಹಲವು ವಾರ ಅಂಗಳದ ಹೊರಗೆ ಉಳಿಯಬೇಕಾಯಿತು.

ಆಗ ಏನಾಯಿತು? ಉಳಿದವರು ಭಾರ ಹೊತ್ತರು. ಮುಖ್ಯ ಗೋಲುಗಾರ ಇಲ್ಲದಿದ್ದರೂ ತಂಡ ಮತ್ತೆ ಲೀಗಿನ ಮೊದಲ ಸ್ಥಾನದಲ್ಲಿ ನಿಂತಿತು. ಗಾಯ ವಾಸಿಯಾಗಿ ಮಿಕು ಮರಳಿದರು. ನಾರ್ತ್ ಈಸ್ಟ್ ಯುನೈಟೆಡ್ ವಿರುದ್ಧ ಸೆಮಿಫೈನಲ್ಲಿನ ಮೊದಲ ಸುತ್ತನ್ನು ಬೆಂಗಳೂರು 1-2ರಿಂದ ಸೋತಿತ್ತು. ಮಾರ್ಚ್ 11ರಂದು ಕಂಠೀರವದಲ್ಲಿ ಎರಡನೆಯ ಸುತ್ತು. ಒಂದು ಗಂಟೆ ಕಳೆದರೂ ಗೋಲಿಲ್ಲ. 72ನೆಯ ನಿಮಿಷದಲ್ಲಿ ಮಿಕು ಬಾಗಿಲು ತೆರೆದರು. ಆಮೇಲೆ ಇನ್ನೆರಡು ಗೋಲು ಬಂದು ಬೆಂಗಳೂರು 3-0ರಿಂದ ಫೈನಲ್ ತಲುಪಿತು.

ಫೈನಲ್ 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ. ತಾರೀಖನ್ನು ಗಮನಿಸಿ: ತವರಿನಲ್ಲಿ ಸೋತ ದಿನಕ್ಕೆ ಸರಿಯಾಗಿ ಒಂದು ವರ್ಷ. ಎದುರಾಳಿ ಗೋವಾ. ಆ ವರ್ಷವೂ ಅತಿ ಹೆಚ್ಚು ಗೋಲಿನ ಪ್ರಶಸ್ತಿ ಕೋರೊ ಅವರಿಗೇ, 16 ಗೋಲು. 90 ನಿಮಿಷ ಮುಗಿದರೂ ಎರಡೂ ಕಡೆ ಗೋಲಿಲ್ಲ. ಹೆಚ್ಚುವರಿ ಆಟದ 117ನೆಯ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರಿನಿಂದ ಚೆಂಡು ಕಳಿಸಿದರು. ಅದಕ್ಕೆ ತಲೆಕೊಟ್ಟು ಗೋಲು ಹೊಡೆದವರು ಛೆಟ್ರಿಯಲ್ಲ, ಮಿಕು ಅಲ್ಲ. ಡಿಫೆಂಡರ್ ರಾಹುಲ್ ಭೆಕೆ. ಹಿಂದಿನ ವರ್ಷ ಬೆಂಗಳೂರನ್ನು ಸೋಲಿಸಿದ್ದೂ ಕಾರ್ನರಿನ ಚೆಂಡಿಗೆ ತಲೆಕೊಟ್ಟ ಡಿಫೆಂಡರ್. ಈ ವರ್ಷ ಗೆಲ್ಲಿಸಿದ್ದೂ ಅಂಥವರೇ. ಬೆಂಗಳೂರು 1-0ರಿಂದ ಗೆದ್ದು ಮೊದಲ ಬಾರಿಗೆ ಸೂಪರ್ ಲೀಗ್ ಕಪ್ಪನ್ನು ಎತ್ತಿತು.

ಆ ಸಾಲಿನಲ್ಲಿ ಮಿಕು ಹೊಡೆದ ಗೋಲುಗಳು ಕೇವಲ 5. ಆ ಬೇಸಿಗೆಯಲ್ಲಿ ಅವರು ಬೆಂಗಳೂರು ಬಿಟ್ಟು ಸೈಪ್ರಸ್ ದ್ವೀಪದ ಒಮೋನಿಯಾ ಕ್ಲಬ್ ಸೇರಿದರು. ಅನಂತರ ಸ್ಪೇನಿನಲ್ಲಿ ಮೂರನೆಯ ದರ್ಜೆಗೆ ಕುಸಿದಿದ್ದ ಡಿಪೋರ್ಟಿವೊ ಎಂಬ ಹಳೆಯ ಕ್ಲಬ್ಬಿಗೂ ಆಡಿದರು.

ಈ ಲೆಕ್ಕ ಹೇಳುವುದೇನು?

ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 15 ಗೋಲು ಹೊಡೆದ ವರ್ಷ ಲೀಗಿನ ಕಪ್ ಕೈತಪ್ಪಿತು. 5 ಗೋಲು ಹೊಡೆದ ವರ್ಷ ಕಪ್ ಬಂತು. ಗೋಲಿನ ಪಟ್ಟಿ ಮಾತ್ರ ಓದಿದವರು ಎರಡನೆಯ ವರ್ಷವನ್ನು 'ಸೋತ ವರ್ಷ' ಎನ್ನುತ್ತಾರೆ. ಆದರೆ ಮೊದಲ ಪಂದ್ಯದ ಗೆಲುವು, ಗಾಯವನ್ನು ಸಹಿಸಿದ ತಾಳ್ಮೆ, ಸೆಮಿಫೈನಲ್ಲಿನಲ್ಲಿ ಬಿಗಿದ ಗಂಟನ್ನು ಬಿಡಿಸಿದ ಆ ಒಂದು ಗೋಲು ಇವೆಲ್ಲ ಇದ್ದದ್ದು ಆ ವರ್ಷದಲ್ಲೇ.

ಹಾಗೆಂದರೆ ಗೋಲು ಬೇಡವೆಂದೇ? ಖಂಡಿತ ಅಲ್ಲ. ಗೋಲು ಹೊಡೆಯದ ಫಾರ್ವರ್ಡನ್ನು ಯಾವ ತಂಡವೂ ಇಟ್ಟುಕೊಳ್ಳುವುದಿಲ್ಲ. ಸೂಪರ್ ಲೀಗಿನಲ್ಲಿ ಎರಡು ಸಾಲು ಸೇರಿ 20 ಗೋಲು ಹೊಡೆದದ್ದರಿಂದಲೇ ಮಿಕು ಇಂದಿಗೂ ಬೆಂಗಳೂರಿಗರ ನೆನಪಿನಲ್ಲಿದ್ದಾರೆ. ನಾವು ಕಲಿಯಬೇಕಾದದ್ದು ಇಷ್ಟು: ಸಂಖ್ಯೆ ಒಂದು ಕೆಲಸದ ಗುರುತು, ಅದು ಮನುಷ್ಯನ ಅಳತೆಯಲ್ಲ. ಸಂಖ್ಯೆ ಇಳಿದಾಗ "ಏಕೆ ಇಳಿಯಿತು, ಈಗ ಏನು ಮಾಡೋಣ?" ಎಂದು ಕೇಳುವ ತಂಡ ಮತ್ತೆ ಏಳುತ್ತದೆ. "ಇವನು ಇಷ್ಟೇ" ಎಂದು ತೀರ್ಮಾನಿಸುವ ತಂಡ ಒಳ್ಳೆಯ ಆಟಗಾರನನ್ನೂ ಕಳೆದುಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ

ಈಗ ಮಗುವಿನ ಅಂಕಪಟ್ಟಿಗೆ ಬರೋಣ. "ಹೇಳುವುದು ಸುಲಭ. ಕಾಲೇಜಿನವರು ಕೇಳುವುದು ಅಂಕವನ್ನೇ, ಹಾಸ್ಟೆಲಿನವರು ಕೇಳುವುದೂ ಅಂಕವನ್ನೇ. ಮಳೆ ನಂಬಿ ಬದುಕುವ ನಮಗೆ ಮಕ್ಕಳ ಓದು ಬಿಟ್ಟರೆ ಬೇರೆ ದಾರಿ ಏನಿದೆ?" ಎಂದು ನೀವು ಕೇಳಬಹುದು. ನಿಮ್ಮ ಮಾತು ನ್ಯಾಯವಾದದ್ದೇ. ಅಂಕ ಬೇಕು, ಅದಕ್ಕಾಗಿ ಮಗು ದುಡಿಯಲೂಬೇಕು. ಆದರೆ ಕಾಲೇಜಿನ ಕಿಟಕಿಯಲ್ಲಿ ಕೂತವರು ಕೇಳುವ ಪ್ರಶ್ನೆಯನ್ನೇ ಮನೆಯ ಹೊಸ್ತಿಲಲ್ಲಿ ತಾಯಿತಂದೆಯೂ ಕೇಳಿದರೆ, ಮಗು ತನ್ನ ದುಃಖ ಹೇಳಿಕೊಳ್ಳಲು ಹೋಗುವುದಾದರೂ ಎಲ್ಲಿಗೆ?

ಕಡಿಮೆ ಅಂಕದ ಹಿಂದೆಯೂ ಕಾಣದ ದುಡಿಮೆ ಇರುತ್ತದೆ. ಬೆಳಿಗ್ಗೆ ನೀರು ತಂದು, ತಮ್ಮತಂಗಿಯರನ್ನು ಹೊರಡಿಸಿ, ಎರಡು ಬಸ್ ಬದಲಿಸಿ ಶಾಲೆಗೆ ಹೋಗುವ ಹುಡುಗಿಯ 60 ಅಂಕವನ್ನೂ, ಮನೆಪಾಠ ಇಟ್ಟುಕೊಂಡವರ 60 ಅಂಕವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಇಡೀ ವರ್ಷ ಮಿಕು ಅವರಂತೆ 'ಗಾಯ' ಹೊತ್ತು ಕೂತ ಮಕ್ಕಳೂ ಇರುತ್ತಾರೆ. ಮನೆಯಲ್ಲಿ ಕಾಯಿಲೆ, ಸಾಲದ ಜಗಳ, ಕುಡಿತ ಇವು ಅಂಕಪಟ್ಟಿಯಲ್ಲಿ ಅಚ್ಚಾಗುವುದಿಲ್ಲ.

ಇದು ಬರೀ ಮನಸ್ಸು ನೋಯುವ ವಿಷಯವಲ್ಲ, ಪ್ರಾಣದ ವಿಷಯ. ಫಲಿತಾಂಶ ಬಂದ ದಿನಗಳಲ್ಲಿ ಜೀವ ಕಳೆದುಕೊಂಡ ಮಕ್ಕಳ ಸುದ್ದಿಯನ್ನು ನಾವೆಲ್ಲರೂ ಓದಿದ್ದೇವೆ. ಆದ್ದರಿಂದ ಆ ದಿನಕ್ಕೆ ಹಿರಿಯರು ಮೊದಲೇ ಸಿದ್ಧರಾಗಬೇಕು. ಇಲ್ಲಿ ಕೆಲವು ಸಲಹೆಗಳಿವೆ:

1. ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ. ತಾಯಿತಂದೆಯರಲ್ಲಿ ಒಬ್ಬರು ಮನೆಯಲ್ಲಿರಿ. ಆಗದಿದ್ದರೆ ಅಜ್ಜಿಯೋ ಚಿಕ್ಕಪ್ಪನೋ ಜೊತೆಗಿರಲಿ.

2. ಮೊದಲ ಮಾತು ಅಂಕದ ಬಗ್ಗೆ ಬೇಡ. "ಬಾ, ಮೊದಲು ಊಟ ಮಾಡು. ಆಮೇಲೆ ಕೂತು ಮಾತಾಡೋಣ" ಎಂದರೆ ಸಾಕು. ಆ ಒಂದು ಮಾತಿಗೆ ದೊಡ್ಡ ಬಲವಿದೆ.

3. ನೆರೆಮನೆಯ ಮಗುವಿನ ಹೆಸರು ಎತ್ತಬೇಡಿ. ಕೋರೊ 18 ಗೋಲು ಹೊಡೆದದ್ದು ಮಿಕು ಅವರ ತಪ್ಪಲ್ಲ.

4. ಒಂದು ಪರೀಕ್ಷೆ ಹೋದರೆ ವರ್ಷವೇ ಹೋಯಿತೆಂದು ತಿಳಿಯಬೇಡಿ. 2024ರಲ್ಲಿ ನಮ್ಮ ರಾಜ್ಯದಲ್ಲಿ ಪರೀಕ್ಷೆ 1, ಪರೀಕ್ಷೆ 2 ಎಂಬ ಕ್ರಮ ಬಂದ ಮೇಲೆ ಅನುತ್ತೀರ್ಣರಾದವರು ಮಾತ್ರವಲ್ಲ, ಅಂಕ ಹೆಚ್ಚಿಸಿಕೊಳ್ಳಬೇಕೆನ್ನುವವರೂ ಅದೇ ವರ್ಷ ಮತ್ತೆ ಬರೆಯಬಹುದು. ದಿನಾಂಕ, ಶುಲ್ಕದ ವಿವರವನ್ನು ಶಾಲೆಯ ಮುಖ್ಯೋಪಾಧ್ಯಾಯರಿಂದ ತಿಳಿದುಕೊಳ್ಳಿ.

5. ಪಿಯುಸಿ ಒಂದೇ ದಾರಿಯಲ್ಲ. ಐಟಿಐ ಇದೆ, ಡಿಪ್ಲೊಮಾ ಇದೆ. ಅವನ್ನು ಸೋತವರ ದಾರಿ ಎಂದು ಹೇಳಬೇಡಿ. ತಂಡಕ್ಕೆ ಫಾರ್ವರ್ಡ್ ಎಷ್ಟು ಬೇಕೋ ಡಿಫೆಂಡರೂ ಅಷ್ಟೇ ಬೇಕು. ಕಪ್ ತಂದ ಗೋಲು ಡಿಫೆಂಡರಿನದೇ ಅಲ್ಲವೇ?

6. ಮಗು ಮಾತು ಬಿಟ್ಟು, ಊಟ ಬಿಟ್ಟು, ನಿದ್ದೆ ಬಿಟ್ಟು ಮೂಲೆ ಹಿಡಿದು ಕೂತರೆ "ಸರಿಹೋಗುತ್ತಾನೆ ಬಿಡಿ" ಎಂದು ಸುಮ್ಮನಿರಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಮನೆಯಲ್ಲಿ ಚರ್ಚಿಸಲು

ಈ ವಾರ ಒಂದು ಸಂಜೆ ಎಲ್ಲರೂ ಕೂತು ಈ ಪ್ರಶ್ನೆಗಳನ್ನು ಮಾತಾಡಿಕೊಳ್ಳಿ. ಮಕ್ಕಳು ಮೊದಲು ಹೇಳಲಿ, ಹಿರಿಯರು ಆಮೇಲೆ.

1. ಬೆಂಗಳೂರು ತಂಡ 2018ರ ಮಾರ್ಚ್ 17ರಂದು ಸೋತಿತು, 2019ರ ಮಾರ್ಚ್ 17ರಂದು ಗೆದ್ದಿತು. ಈ ಎರಡು ದಿನಗಳ ನಡುವೆ ಮಿಕು ಏನೇನನ್ನು ಎದುರಿಸಿದರು?

2. ನಮ್ಮ ಮನೆಯಲ್ಲಿ ಯಾರೂ ಲೆಕ್ಕ ಇಡದ ಕೆಲಸವನ್ನು ಯಾರು ಮಾಡುತ್ತಿದ್ದಾರೆ? ಅವರಿಗೆ ಒಂದು ಒಳ್ಳೆಯ ಮಾತು ಹೇಳಿ ಎಷ್ಟು ದಿನವಾಯಿತು?

3. ಮಕ್ಕಳೇ, ಫಲಿತಾಂಶದ ದಿನ ಅಪ್ಪ ಅಮ್ಮ ಯಾವ ಮಾತು ಹೇಳಬೇಕೆಂದು ನಿಮ್ಮ ಆಸೆ? ಯಾವ ಮಾತು ಹೇಳಬಾರದು?

ಪ್ರಿಯ ಪಾಲಕರೇ, ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ಹತ್ತಿದವರಿಗೆ ಗೊತ್ತು, ಎಲ್ಲರೂ ಒಂದೇ ವೇಗದಲ್ಲಿ ಹತ್ತಲಾರರು. ನಡುವೆ ಕೂತು ದಣಿವಾರಿಸಿಕೊಳ್ಳುವವರೂ ಇರುತ್ತಾರೆ, ಕಡಿದಾದ ಕಡೆ ಕೈಹಿಡಿದು ಮೇಲೆ ಎಳೆದುಕೊಳ್ಳಬೇಕಾದವರೂ ಇರುತ್ತಾರೆ. ಈ ಸಲದ ಫಲಿತಾಂಶ ನಿಮ್ಮ ಮನೆಗೆ ಹದಿನೈದನ್ನೇ ತರಲಿ, ಐದನ್ನೇ ತರಲಿ, ಮಗು ಒಳಗೆ ಕಾಲಿಟ್ಟಾಗ ಬಾಗಿಲು ತೆರೆದಿರಲಿ, ತಟ್ಟೆಯಲ್ಲಿ ಊಟ ಇರಲಿ.